ಗೂಡಿನ ಕೆಳಗಿನ ಕಾವಲುಗಾರ



ಗೂಡಿನ ಕೆಳಗೆ ಮೊಸಳೆ ಬಾಯ್ದೆರೆದು ಮಲಗಿದ್ದರೆ ಯಾವ ಹಕ್ಕಿ ತಾನೇ ಅಲ್ಲಿ ಮೊಟ್ಟೆ ಇಟ್ಟೀತು? ರಂಗನತಿಟ್ಟಿನಲ್ಲಿ ದೋಣಿ ಹತ್ತಿದವರಲ್ಲಿ ಒಬ್ಬರಾದರೂ ಈ ಪ್ರಶ್ನೆ ಕೇಳುತ್ತಾರೆ. ಇದನ್ನು ಅಳೆದು ನೋಡಿರುವುದು ಬಹು ದೂರದಲ್ಲಿ, ಅಮೆರಿಕದ ಫ್ಲಾರಿಡಾದ ಎವರ್‌ಗ್ಲೇಡ್ಸ್ ಜೌಗಿನಲ್ಲಿ.

ಅಲ್ಲಿ ಬಕ, ಬೆಳ್ಳಕ್ಕಿಗಳು ನೀರಿನ ನಡುವಿನ ಮರಗಳ ದಿಬ್ಬಗಳಲ್ಲಿ ಗುಂಪಾಗಿ ಗೂಡು ಕಟ್ಟುತ್ತವೆ. ಅವುಗಳ ದೊಡ್ಡ ಶತ್ರು ರಕೂನ್ ಎಂಬ ಪ್ರಾಣಿ. ಇದು ಈಜಬಲ್ಲದು, ಮರವನ್ನೂ ಹತ್ತಬಲ್ಲದು. ಒಮ್ಮೆ ಒಳಹೊಕ್ಕರೆ ಇಡೀ ನೆಲೆಯ ಮೊಟ್ಟೆ ಮರಿಗಳಿಗೆ ಸಂಚಕಾರ. ಆದರೆ ದಿಬ್ಬದ ಸುತ್ತ ಮೊಸಳೆಯ ಬಂಧುವಾದ ಅಲಿಗೇಟರ್ ಇದ್ದರೆ ರಕೂನ್ ನೀರಿಗಿಳಿಯಲು ಹಿಂಜರಿಯುತ್ತದೆ. ಅಲಿಗೇಟರ್ ಎತ್ತರದ ಗೂಡಿಗೆ ಏರಲಾರದು.

ಹಾಗೆಂದು ಈ ಕಾವಲು ಪುಕ್ಕಟೆಯಲ್ಲ. ಬೆಳ್ಳಕ್ಕಿ ಎಲ್ಲ ಮೊಟ್ಟೆ ಇಡುವ ಮೊದಲೇ ಕಾವಿಗೆ ಕೂರುವುದರಿಂದ ಮರಿಗಳು ದಿನಗಳ ಅಂತರದಲ್ಲಿ ಹೊರಬರುತ್ತವೆ. ದೊಡ್ಡ ಮರಿಗಳು ಕಿರಿಯದನ್ನು ಕುಕ್ಕಿ ಕುಕ್ಕಿ ಮೂಲೆಗೊತ್ತುತ್ತವೆ. ಕೆಲವೊಮ್ಮೆ ಅದು ಕೆಳಗೇ ಬೀಳುತ್ತದೆ. ಬಿದ್ದದ್ದು ಅಲಿಗೇಟರ್ ಪಾಲು. 2016ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಹಕ್ಕಿನೆಲೆಗಳ ಬಳಿಯ ಅಲಿಗೇಟರ್‌ಗಳು ಬೇರೆಡೆಯವಕ್ಕಿಂತ ಮೈತುಂಬಿಕೊಂಡಿದ್ದವು. ಇನ್ನು ನೀರು ಬತ್ತಿತೋ, ಕಾವಲೂ ಹೋಯಿತು. ರಕೂನ್ ನಡೆದುಕೊಂಡೇ ಬರುತ್ತದೆ.

ಆದರೆ ಹಾರಿ ಬರುವ ಕಾಗೆಗೆ ಮೊಸಳೆ ಏನು ಮಾಡೀತು? ಅಲ್ಲಿ ತಾಯಿತಂದೆಯರೇ ಕಾವಲು. ಇದನ್ನು ನಾನು ಕಲಿತದ್ದು ನಾಚಿಕೆಪಡುವ ರೀತಿಯಲ್ಲಿ. ಒಮ್ಮೆ ಕೆರೆಯಂಗಳದ ಜಾಲಿಮರಗಳಲ್ಲಿ ರಾತ್ರಿ ಬಕಗಳ ಚಿತ್ರೀಕರಣಕ್ಕೆ ಹೋಗಿದ್ದೆವು. "ಇನ್ನೂ ಸ್ವಲ್ಪ ಹತ್ತಿರ ಹೋಗೋಣ" ಎಂದವನು ನಾನೇ. ಹಕ್ಕಿಗಳು ಒಮ್ಮೆಲೇ ಎದ್ದವು. ಎರಡು ನಿಮಿಷವೂ ಆಗಿರಲಿಲ್ಲ, ಕಾಗೆಯೊಂದು ತಿಳಿ ನೀಲಿಹಸಿರು ಮೊಟ್ಟೆಯನ್ನು ಕಚ್ಚಿಕೊಂಡು ಹಾರಿತು. ಚಿತ್ರವೇನೋ ಬಹಳ ಚೆನ್ನಾಗಿ ಬಂದಿತ್ತು!

ಇದೇ ಜಾತಿಯ ಬಕದ ಬಗ್ಗೆ ಕೆನಡಾದಲ್ಲಿ ನಡೆದು 1979ರಲ್ಲಿ ಪ್ರಕಟವಾದ ಅಧ್ಯಯನವನ್ನು ಆಮೇಲೆ ಓದಿದೆ. ಮೊಟ್ಟೆ ಇಡುವ ದಿನಗಳಲ್ಲಿ ಸಂಶೋಧಕರು ನೆಲೆಯೊಳಗೆ ಓಡಾಡಿದ್ದರಿಂದಲೇ ಹಕ್ಕಿಗಳು ಹೊಸ ಗೂಡುಗಳನ್ನು ತೊರೆದಿದ್ದವು, ಮೊಟ್ಟೆಗಳು ಬೇಟೆಗಾರ ಪ್ರಾಣಿಪಕ್ಷಿಗಳ ಪಾಲಾಗಿದ್ದವು.

ಈ ಮಾತಿನೊಂದಿಗೆ ನೀವು ನೋಡುವ ದೃಶ್ಯಗಳನ್ನು ದಂಡೆಯ ಮೇಲಿಂದ, ಉದ್ದನೆಯ ಲೆನ್ಸ್ ಹಾಕಿ ತೆಗೆದಿದ್ದೇವೆ. ಚಿತ್ರ ಅಲ್ಲಲ್ಲಿ ಅಲುಗಾಡುತ್ತದೆ. ಕಾಗೆಯ ಆ ದೃಶ್ಯವನ್ನು ಮಾತ್ರ ಸೇರಿಸಿಲ್ಲ.