ಮೂರು ಬಾರಿ ದೇಶ ತೊರೆದ ರಾಜಕುಮಾರಿ

ರಾಜಕುಮಾರಿಯೆಂದೊಡನೆ ನಮ್ಮ ಕಲ್ಪನೆ ಸಹಜವಾಗಿಯೇ ವೈಭವದ ಕಡೆಗೆ ಹರಿಯುತ್ತದೆ. ಆದರೆ ಇಪ್ಪತ್ತನೆಯ ಶತಮಾನದ ಯೂರೋಪಿನಲ್ಲಿ ಸಿಂಹಾಸನದ ನೆರಳಿನಲ್ಲಿ ಹುಟ್ಟಿದವರಿಗೂ ತಲೆಯ ಮೇಲಿನ ಸೂರು ನಾಳೆ ಉಳಿದೀತೆಂಬ ಭರವಸೆಯಿರಲಿಲ್ಲ. ಅಂಥ ಒಬ್ಬ ಹೆಣ್ಣುಮಗಳ ಬಾಳನ್ನು ಈ ಹೊತ್ತು ನಿಮ್ಮ ಮುಂದಿಡಬಯಸುತ್ತೇನೆ. ಆಕೆ ಬ್ಯಾಟನ್‌ಬರ್ಗಿನ ಆಲಿಸ್. ಭಾರತದ ಕೊನೆಯ ವೈಸರಾಯ್ ಮೌಂಟ್‌ಬ್ಯಾಟನ್ನನ ಅಕ್ಕ. ಬ್ರಿಟನ್ನಿನ ರಾಣಿ ಎರಡನೆಯ ಎಲಿಜಬೆತ್ತಳ ಅತ್ತೆ. ಈ ನಂಟುಗಳಿಂದಲೇ ಚರಿತ್ರೆ ಆಕೆಯನ್ನು ಗುರುತಿಸುತ್ತದೆ. ಆಕೆಯನ್ನು ಆಕೆಯಿಂದಲೇ ಗುರುತಿಸಬೇಕೆಂಬುದು ನನ್ನ ಆಸೆ.

ಆಲಿಸ್ ಹುಟ್ಟಿದ್ದು 1885ರ ಫೆಬ್ರವರಿಯಲ್ಲಿ, ವಿಂಡ್ಸರ್ ಅರಮನೆಯಲ್ಲಿ, ಮುತ್ತಜ್ಜಿ ವಿಕ್ಟೋರಿಯಾ ರಾಣಿಯ ಸಮ್ಮುಖದಲ್ಲಿ. ಮಗು ಹುಟ್ಟುಗಿವುಡಿ. ತಾಯಿಯ ಪ್ರೋತ್ಸಾಹದಿಂದ ಆಕೆ ಎದುರಿನವರ ತುಟಿಗಳ ಚಲನೆಯನ್ನು ನೋಡಿಯೇ ಮಾತನ್ನು ಅರಿಯುವ ವಿದ್ಯೆಯನ್ನು ಕಲಿತಳು. ಅದೂ ಒಂದಲ್ಲ, ಹಲವು ಭಾಷೆಗಳಲ್ಲಿ. 1903ರಲ್ಲಿ ಗ್ರೀಸಿನ ದೊರೆ ಒಂದನೆಯ ಜಾರ್ಜನ ಮಗ ಆಂಡ್ರೂವಿನೊಡನೆ ಡಾರ್ಮ್‌ಸ್ಟಾಟ್‌ನಲ್ಲಿ ವಿವಾಹವಾಯಿತು. ಗ್ರೀಸಿನ ಸೊಸೆಯಾಗಿ ಹೋದವಳು ಅಲ್ಲಿನ ನುಡಿಯನ್ನೂ ಕಣ್ಣಿನಿಂದಲೇ ಕಲಿತಳು. ಬಾಲ್ಕನ್ ಯುದ್ಧಗಳು ಬಂದಾಗ ಆಸ್ಪತ್ರೆಗಳಲ್ಲಿ ನಿಂತು ಗಾಯಾಳುಗಳ ಶುಶ್ರೂಷೆ ಮಾಡಿದಳು. 1913ರಲ್ಲಿ ಮಾವ ಜಾರ್ಜ್ ದೊರೆ ಥೆಸಲೋನಿಕಿಯಲ್ಲಿ ಹಂತಕನ ಗುಂಡಿಗೆ ಬಲಿಯಾದ.

ಅಲ್ಲಿಂದ ಮುಂದೆ ಅಲೆದಾಟ. 1917ರಲ್ಲಿ ದೊರೆ ಕಾನ್‌ಸ್ಟಂಟೈನ್ ಸಿಂಹಾಸನ ಬಿಡಬೇಕಾಗಿ ಬಂದಾಗ ಸ್ವಿಟ್ಜರ್ಲೆಂಡಿಗೆ ಮೊದಲ ಗಡೀಪಾರು. ಮರಳಿ ಬಂದ ಮೇಲೆ, 1921ರಲ್ಲಿ, ಕಾರ್ಫು ದ್ವೀಪದಲ್ಲಿ ನಾಲ್ವರು ಹೆಣ್ಣುಮಕ್ಕಳ ಬೆನ್ನಿಗೆ ಮಗ ಫಿಲಿಪ್ ಹುಟ್ಟಿದ. ಮರುವರ್ಷವೇ ತುರ್ಕಿಯೊಡನೆ ನಡೆದ ಯುದ್ಧದಲ್ಲಿ ಗ್ರೀಸ್ ಸೋತಿತು. ಆ ಸೋಲಿಗೆ ಹೊಣೆಗಾರರೆಂದು ಆರು ಮಂದಿಯನ್ನು ಗುಂಡಿಟ್ಟು ಕೊಂದರು. ಆಂಡ್ರೂವಿನ ತಲೆ ಉಳಿಯಿತು, ದೇಶ ಉಳಿಯಲಿಲ್ಲ. ಬ್ರಿಟನ್ನಿನ ಯುದ್ಧನೌಕೆಯೊಂದು ಆ ಸಂಸಾರವನ್ನು ಸಾಗಿಸಿತು. ಕೂಸು ಫಿಲಿಪನಿಗೆ ಕಿತ್ತಳೆಯ ಪೆಟ್ಟಿಗೆಯೇ ತೊಟ್ಟಿಲಾಯಿತಂತೆ.

ಪ್ಯಾರಿಸಿನ ಹೊರವಲಯದಲ್ಲಿ ನೆಂಟರ ಆಸರೆಯಲ್ಲಿ ಬಾಳುತ್ತಿದ್ದ ಆಲಿಸಳ ಮನಸ್ಸು ಕ್ರಮೇಣ ಕದಡಿತು. 1930ರಲ್ಲಿ ಸ್ಕಿಜೊಫ್ರೀನಿಯಾ ಎಂದು ನಿರ್ಣಯಿಸಿ, ಆಕೆಯ ಇಚ್ಛೆಗೆ ವಿರುದ್ಧವಾಗಿ ಸ್ವಿಟ್ಜರ್ಲೆಂಡಿನ ಚಿಕಿತ್ಸಾಲಯವೊಂದಕ್ಕೆ ಸೇರಿಸಿದರು. ಆಕೆ ಅಲ್ಲಿದ್ದಾಗಲೇ ಹೆಣ್ಣುಮಕ್ಕಳಿಗೆ ಜರ್ಮನ್ ರಾಜಮನೆತನಗಳಲ್ಲಿ ಮದುವೆಗಳಾದವು. ಮಗ ಇಂಗ್ಲೆಂಡಿನ ಬಂಧುಗಳ ಪಾಲಾದ. ಪತಿ ಫ್ರಾನ್ಸಿನ ದಕ್ಷಿಣ ತೀರ ಸೇರಿದ. ಗಡೀಪಾರಿನಲ್ಲೂ ಒಡೆಯದಿದ್ದ ಸಂಸಾರ ಹೀಗೆ ಚೆದುರಿತು. 1937ರಲ್ಲಿ ಮಗಳು ಸಿಸಿಲಿ, ಅಳಿಯ, ಇಬ್ಬರು ಮೊಮ್ಮಕ್ಕಳು ವಿಮಾನ ಅಪಘಾತದಲ್ಲಿ ಮಡಿದಾಗ, ಆ ಶವಸಂಸ್ಕಾರದಲ್ಲಿ ಗಂಡಹೆಂಡಿರು ಆರು ವರ್ಷಗಳ ನಂತರ ಮುಖ ನೋಡಿದರು.

ಇಷ್ಟಾದ ಮೇಲೆ ಆಕೆ ಆರಿಸಿಕೊಂಡದ್ದು ತನ್ನನ್ನು ಎರಡು ಬಾರಿ ಹೊರಗಟ್ಟಿದ್ದ ಗ್ರೀಸನ್ನೇ! 1938ರಲ್ಲಿ ಅಥೆನ್ಸಿಗೆ ಮರಳಿ ಎರಡು ಕೋಣೆಗಳ ಸಣ್ಣ ಮನೆಯಲ್ಲಿ ಒಬ್ಬಳೇ ನೆಲೆಸಿದಳು. ಮಹಾಯುದ್ಧ ಬಂತು. ಮಗ ಬ್ರಿಟಿಷ್ ನೌಕಾಪಡೆಯಲ್ಲಿ, ಅಳಿಯಂದಿರು ಜರ್ಮನ್ ಪಕ್ಷದಲ್ಲಿ. ಯಾವ ಕಡೆ ಗೆದ್ದರೂ ತಾಯಿಗೆ ನೋವೇ. ನಗರದಲ್ಲಿ ಭೀಕರ ಕ್ಷಾಮ. ಆಲಿಸ್ ಹಸಿದವರಿಗಾಗಿ ಗಂಜಿಕೇಂದ್ರಗಳನ್ನು ನಡೆಸಿದಳು. ನಿಮಗೇನಾದರೂ ಬೇಕೇ ಎಂದು ಕೇಳಿದ ಜರ್ಮನ್ ಸೇನಾನಿಗೆ, ನಿಮ್ಮ ಸೈನ್ಯವನ್ನು ನನ್ನ ದೇಶದಿಂದ ಕರೆದೊಯ್ಯಿರಿ ಎಂದಳಂತೆ. ‘ನನ್ನ ದೇಶ’ ಎಂಬ ಆ ಮಾತನ್ನು ಗಮನಿಸಬೇಕು.

1943ರಲ್ಲಿ ಥೆಸಲೋನಿಕಿಯ ಯಹೂದಿಗಳನ್ನು ಸಾವಿನ ಶಿಬಿರಗಳಿಗೆ ಸಾಗಿಸಿದ್ದರು; ಮುಂದಿನ ಸರದಿ ಅಥೆನ್ಸಿನದು. ಹಿಂದೆ ಜಾರ್ಜ್ ದೊರೆಗೆ ನೆರವಾಗಿದ್ದ ಕೊಹೆನ್ ಎಂಬಾತನ ವಿಧವೆ ರಾಷೆಲ್ ಮತ್ತು ಇಬ್ಬರು ಮಕ್ಕಳಿಗೆ ಆಲಿಸ್ ತನ್ನ ಮನೆಯಲ್ಲಿ ಆಶ್ರಯವಿತ್ತಳು. ಒಂದು ವರ್ಷಕ್ಕೂ ಮಿಗಿಲಾಗಿ ಅವರನ್ನು ಬಚ್ಚಿಟ್ಟು ಕಾಪಾಡಿದಳು. ಗೆಸ್ಟಾಪೊ ವಿಚಾರಿಸಲು ಬಂದಾಗ, ಪ್ರಶ್ನೆಯೇ ಅರ್ಥವಾಗದವಳಂತೆ ನಿಂತಳು. ತುಟಿಯೋದಿ ಲೋಕವನ್ನೆಲ್ಲ ಅರಿತವಳು ಅಂದು ಮಾತ್ರ ಶುದ್ಧ ಕಿವುಡಿಯಾದಳು. ಹುಟ್ಟಿನ ಕೊರತೆ ಮೂರು ಜೀವಗಳಿಗೆ ರಕ್ಷೆಯಾಯಿತು.

1949ರಲ್ಲಿ ಆಲಿಸ್ ಶುಶ್ರೂಷೆಗೆ ಮೀಸಲಾದ ಸೋದರಿಯರ ಸಂಘವೊಂದನ್ನು ಸ್ಥಾಪಿಸಿದಳು. 1918ರಲ್ಲಿ ರಷ್ಯಾದ ಬೊಲ್ಶೆವಿಕರು ಕೊಂದ ಚಿಕ್ಕಮ್ಮ ಎಲಿಜಬೆತ್ ಫ್ಯೊಡೊರೊವ್ನಾ ಆಕೆಗೆ ಆದರ್ಶ. ಸೇರುವವರಿಲ್ಲದೆ ಸಂಘ ನಿಂತುಹೋಯಿತು. ಆದರೂ 1953ರಲ್ಲಿ ಸೊಸೆಯ ಪಟ್ಟಾಭಿಷೇಕಕ್ಕೆ ರತ್ನಾಭರಣಗಳ ನಡುವೆ ಆಕೆ ಬಂದದ್ದು ಬೂದುಬಣ್ಣದ ಸನ್ಯಾಸಿನಿಯ ಉಡುಪಿನಲ್ಲಿ. 1960ರಲ್ಲಿ ರಾಜಕುಮಾರಿ ಅಮೃತ ಕೌರ್ ಅವರ ಆಹ್ವಾನದ ಮೇಲೆ, ಭಾರತೀಯ ಚಿಂತನೆಯಲ್ಲಿನ ಆಸಕ್ತಿಯಿಂದ ನಮ್ಮ ದೇಶಕ್ಕೂ ಬಂದಿದ್ದಳು. ಅನಾರೋಗ್ಯ ಆ ಯಾತ್ರೆಯನ್ನು ಮೊಟಕುಗೊಳಿಸಿತು.

1967ರ ಸೈನಿಕ ಕ್ರಾಂತಿ ಮೂರನೆಯ ಬಾರಿ ಗ್ರೀಸನ್ನು ಬಿಡಿಸಿತು. 1969ರ ಡಿಸೆಂಬರಿನಲ್ಲಿ ಬಕಿಂಗ್‌ಹ್ಯಾಮ್ ಅರಮನೆಯಲ್ಲಿ ಕಣ್ಣುಮುಚ್ಚಿದಾಗ ಆಕೆಯ ಆಸ್ತಿಯೆಂದರೆ ಮೂರು ನಿಲುವಂಗಿಗಳಷ್ಟೇ; ಉಳಿದುದನ್ನೆಲ್ಲ ದಾನಮಾಡಿದ್ದಳು. ತನ್ನ ಬಯಕೆಯಂತೆ 1988ರಲ್ಲಿ ಜೆರುಸಲೇಮಿನಲ್ಲಿ, ಚಿಕ್ಕಮ್ಮನ ಸಮಾಧಿಯಿರುವ ದೇವಾಲಯದಲ್ಲಿ ನೆಲೆ ಪಡೆದಳು. ಯಹೂದಿಗಳನ್ನು ಕಾಪಾಡಿದ ಸಜ್ಜನರ ಸಾಲಿಗೆ ಯಾದ್ ವಾಶೆಮ್ ಸಂಸ್ಥೆ ಆಕೆಯ ಹೆಸರನ್ನು ಸೇರಿಸಿದ್ದು 1993ರಲ್ಲಿ. ತಾನು ಮಾಡಿದ್ದು ವಿಶೇಷವೆಂದು ತಾಯಿಗೆ ಎಂದೂ ತೋರಿರಲಾರದು ಎಂಬರ್ಥದ ಮಾತನ್ನು ಫಿಲಿಪ್ ಮರುವರ್ಷ ಅಲ್ಲಿ ಆಡಿದ.

ದೇಶವೆಂಬುದು ಹುಟ್ಟಿನಿಂದ ಬರುತ್ತದೆಯೋ, ಮದುವೆಯಿಂದಲೋ, ಆಳುವವರ ಅಪ್ಪಣೆಯಿಂದಲೋ? ಅಪ್ಪಣೆ ಮೂರು ಬಾರಿ ಬದಲಾಯಿತು. ಹಸಿದವರಿದ್ದ ಊರನ್ನು, ಅಡಗಲು ಬಂದವರಿದ್ದ ಮನೆಯನ್ನು ಬಿಟ್ಟುಹೋಗದೆ ನಿಂತ ಆ ವರ್ಷಗಳಲ್ಲಿ ಅಥೆನ್ಸ್ ಆಕೆಯದಾಯಿತು. ಆ ಹಕ್ಕನ್ನು ಯಾವ ಅಪ್ಪಣೆಯೂ ಕಸಿಯಲಾರದೆಂದು ನನಗೆ ತೋರುತ್ತದೆ.