ಕೇಳದೆ ಬಂದ ನೌಕರಿ
(ಸಂಘದ ವಾರ್ಷಿಕ ಸಮಾರಂಭದ ವಿದ್ಯಾರ್ಥಿ ಗೋಷ್ಠಿಯಲ್ಲಿ ಮಾಡಿದ ಭಾಷಣ)



ಕೆಲಸ ಹುಡುಕುವುದು ಹೇಗೆಂದು ಹೇಳಿಕೊಡುವ ಶಿಬಿರಗಳು ನಮ್ಮಲ್ಲಿ ಬೇಕಾದಷ್ಟು ನಡೆಯುತ್ತವೆ. ಅರ್ಜಿ ಬರೆಯುವುದು, ಸಂದರ್ಶನಕ್ಕೆ ಹೋಗುವುದು ಎಲ್ಲವನ್ನೂ ಕಲಿಸುತ್ತೇವೆ. ಆದರೆ ನಾವು ಕೇಳದೆಯೇ ನೌಕರಿ ಬಾಗಿಲಿಗೆ ಬಂದರೆ ಏನು ಮಾಡಬೇಕೆಂದು ಯಾರೂ ಹೇಳಿಕೊಡುವುದಿಲ್ಲ. "ಅಲ್ಲಾಹ್ ಕೊಟ್ಟ ರಿಜ್ಕ್, ಬೇಡ ಅನ್ನಬಾರದು" ಎಂದು ಮನೆಯಲ್ಲಿ ಒಂದೇ ಮಾತಿಗೆ ಮುಗಿಸಿಬಿಡುತ್ತಾರೆ. ರಿಜ್ಕ್ ಕೊಡುವವನು ಅಲ್ಲಾಹನೇ, ಸಂಶಯವಿಲ್ಲ. ಆದರೆ ನೌಕರಿ ಕೊಡುತ್ತೇನೆಂದು ಬಂದವನು ಮನುಷ್ಯ. ಅವನನ್ನು ಪ್ರಶ್ನೆ ಕೇಳಲು ಯಾವ ಅಡ್ಡಿಯೂ ಇಲ್ಲ.

ಸೀರತ್ ಓದಿದವರಿಗೆ ಗೊತ್ತಿರುತ್ತದೆ. ಹಜ್ರತ್ ಖದೀಜಾ (ರ) ಅವರು ಮಕ್ಕಾದ ದೊಡ್ಡ ವ್ಯಾಪಾರಿ. ಪ್ರವಾದಿ (ಸ) ಅವರ ಪ್ರಾಮಾಣಿಕತೆಯ ವಿಷಯ ಕೇಳಿ, ತಮ್ಮ ಸರಕನ್ನು ಶಾಮ್ ದೇಶಕ್ಕೆ ಕೊಂಡೊಯ್ಯುವಂತೆ ಅವರೇ ಹೇಳಿ ಕಳುಹಿಸಿದರು. ಬೇರೆಯವರಿಗೆ ಕೊಡುವುದಕ್ಕಿಂತ ಹೆಚ್ಚು ಕೊಡುವುದಾಗಿಯೂ ತಿಳಿಸಿದರು. ಪ್ರವಾದಿಯವರು ಒಪ್ಪಿಕೊಂಡರು. ಈ ಪ್ರಸಂಗದಲ್ಲಿ ನನಗೆ ಮುಖ್ಯವಾಗಿ ಕಾಣುವುದು, ಇವರನ್ನೇ ಏಕೆ ಕರೆದೆ ಎಂಬುದಕ್ಕೆ ಕರೆದವರ ಬಳಿ ಕಾರಣವಿತ್ತು ಎಂಬುದು. ಆದ್ದರಿಂದ ನೀವು ಕೇಳಬೇಕಾದ ಮೊದಲ ಪ್ರಶ್ನೆ ಸಂಬಳದ್ದಲ್ಲ. "ನನ್ನನ್ನೇ ಏಕೆ?" ಎಂಬುದು.

ಈ ಪ್ರಶ್ನೆಯನ್ನು ನಮ್ಮ ಮೊಹಲ್ಲಾಗಳಿಗೆ ಬರುವ ಏಜೆಂಟರಿಗೆ ಕೇಳಿ ನೋಡಿ. ಸೆಕೆಂಡ್ ಪಿಯು ಪರೀಕ್ಷೆಗೆ ಎರಡು ತಿಂಗಳಿರುವಾಗ "ವೀಸಾ ರೆಡಿ ಇದೆ, ಶುಕ್ರವಾರದೊಳಗೆ ಹೇಳು" ಎನ್ನುತ್ತಾರೆ. ಅವರಿಗೆ ಆ ಹುಡುಗನ ಗುಣವೂ ಗೊತ್ತಿಲ್ಲ, ಓದೂ ಗೊತ್ತಿಲ್ಲ. ಅವರಿಗೆ ಬೇಕಾದದ್ದು ಒಂದು ಪಾಸ್‌ಪೋರ್ಟ್. ಅಬ್ಬಾನ ಸಾಲ, ಅಕ್ಕನ ಮದುವೆ ಎಂದು ಹುಡುಗ ಒಪ್ಪುತ್ತಾನೆ. ಹೋದವರನ್ನು ನಾನು ದೂರುವುದಿಲ್ಲ. ಇಲ್ಲಿ ಕುಳಿತಿರುವ ಎಷ್ಟೋ ಜನರ ಮನೆ ಕಟ್ಟಿದ್ದು ಕೊಲ್ಲಿಯ ದುಡಿಮೆಯೇ. ಆದರೆ ಹೋಗುವ ಮುನ್ನ ಲೆಕ್ಕ ಸರಿಯಾಗಿ ಹಾಕೋಣ. ಸಾವಿರ ದಿರ್ಹಮ್ ಎಂದ ಕೂಡಲೇ ನಾವು ಅದನ್ನು ರೂಪಾಯಿಗೆ ಗುಣಿಸುತ್ತೇವೆ. ಅಲ್ಲಿನ ಊಟಕ್ಕೂ ಬಸ್ಸಿಗೂ ದಿರ್ಹಮೇ ಕೊಡಬೇಕೆಂಬುದನ್ನು ಗುಣಿಸುವುದಿಲ್ಲ.

ಕಾಯಿದೆಯ ಮಾತನ್ನೂ ತಿಳಿದುಕೊಳ್ಳಿ. ಹೊರದೇಶಕ್ಕೆ ಕೆಲಸಗಾರರನ್ನು ಕಳುಹಿಸುವ ಏಜೆಂಟ್ 1983ರ ವಲಸೆ ಕಾಯಿದೆಯಂತೆ ನೋಂದಣಿ ಮಾಡಿಸಿರಬೇಕು. ಅವನ ಹೆಸರು ಸರ್ಕಾರದ ಇ-ಮೈಗ್ರೇಟ್ ತಾಣದಲ್ಲಿ ಇದೆಯೋ ಇಲ್ಲವೋ ಎಂದು ಮೊಬೈಲಿನಲ್ಲೇ ನೋಡಬಹುದು. ಅವನು ಪಡೆಯಬಹುದಾದ ಸೇವಾ ಶುಲ್ಕ ಹೆಚ್ಚೆಂದರೆ 30,000 ರೂಪಾಯಿ, ಮೇಲೆ ಜಿಎಸ್‌ಟಿ. ಅದಕ್ಕೂ ರಸೀದಿ ಕೊಡಬೇಕು. ಒಂದು ಲಕ್ಷ ಕೇಳಿದರೆ ಅಲ್ಲಿಗೇ ಮಾತು ಮುಗಿಯಿತು. ಎಸ್ಸೆಸ್ಸೆಲ್ಸಿ ಪಾಸಾಗದವರು ಸೌದಿ, ಕುವೈತ್, ಕತಾರ್, ಯುಎಇ ಮುಂತಾದ ಕಡೆ ದುಡಿಯಲು ಹೋಗಬೇಕಾದರೆ ಸಾಮಾನ್ಯವಾಗಿ ವಲಸೆ ಅನುಮತಿ ಬೇಕು. ಅದನ್ನು ತಪ್ಪಿಸಲೆಂದೇ ವಿಸಿಟ್ ವೀಸಾದಲ್ಲಿ ಕಳುಹಿಸುವವರಿದ್ದಾರೆ. ವಿಸಿಟ್ ವೀಸಾದಲ್ಲಿ ದುಡಿಯುವುದು ಅಲ್ಲಿ ಕಾನೂನಿಗೆ ವಿರುದ್ಧ. ಸಿಕ್ಕಿಬೀಳುವವನು ಹುಡುಗ, ಏಜೆಂಟ್ ಅಲ್ಲ.

ಇನ್ನು ಷರತ್ತಿನ ಮಾತು. ಉರ್ದು ತರಗತಿಯಲ್ಲಿ ಮಿರ್ಜಾ ಗಾಲಿಬರ ಪ್ರಸಂಗ ಹೇಳಿದಾಗಲೆಲ್ಲ ಮಕ್ಕಳು ಚಪ್ಪಾಳೆ ತಟ್ಟುತ್ತಾರೆ. 1840ರ ಆಸುಪಾಸಿನಲ್ಲಿ ದೆಹಲಿ ಕಾಲೇಜಿನ ಫಾರಸಿ ಅಧ್ಯಾಪಕ ಹುದ್ದೆಗೆ ಅವರನ್ನು ಕರೆಸಿದರು. ಪಲ್ಲಕ್ಕಿಯಲ್ಲಿ ಹೋದ ಗಾಲಿಬ್, ಥಾಮ್ಸನ್ ಸಾಹೇಬರು ಹೊರಗೆ ಬಂದು ಎದುರುಗೊಳ್ಳಲಿಲ್ಲವೆಂದು ಅಲ್ಲೇ ನಿಂತರು. ದರ್ಬಾರಿಗೆ ಬಂದಾಗ ಆ ಮರ್ಯಾದೆ, ನೌಕರಿಗೆ ಬಂದಾಗ ಇಲ್ಲ ಎಂಬ ಉತ್ತರ ಬಂತು. ಇರುವ ಗೌರವವೂ ಕಡಿಮೆಯಾಗುವುದಾದರೆ ಬೇಡವೆಂದು ಅವರು ಹಿಂದಿರುಗಿದರು. ಮುಹಮ್ಮದ್ ಹುಸೇನ್ ಆಜಾದರು 'ಆಬೆ ಹಯಾತ್'ನಲ್ಲಿ ಇದನ್ನು ಬರೆದಿದ್ದಾರೆ. ಮಕ್ಕಳೇ, ಚಪ್ಪಾಳೆ ತಟ್ಟಿ, ಆದರೆ ಅನುಸರಿಸುವಾಗ ಯೋಚಿಸಿ. ಗಾಲಿಬರು ಸಾಲದಲ್ಲೇ ಬಾಳಿದವರು. ಆ ನಿರಾಕರಣೆಯ ಬೆಲೆಯನ್ನು ಅವರ ಮನೆಯವರೂ ತೆತ್ತಿರಬೇಕು.

ನನಗೆ ಹೆಚ್ಚು ಹಿಡಿಸುವುದು ಡಾ. ಜಾಕಿರ್ ಹುಸೇನರ ತೀರ್ಮಾನ. 1926ರಲ್ಲಿ ಬರ್ಲಿನ್ನಿನಿಂದ ಡಾಕ್ಟರೇಟ್ ಪಡೆದು ಬಂದವರು, ಹಣವಿಲ್ಲದೆ ಮುಚ್ಚುವ ಸ್ಥಿತಿಯಲ್ಲಿದ್ದ ಜಾಮಿಯಾ ಮಿಲ್ಲಿಯಾದ ಹೊಣೆ ಹೊತ್ತರು. ಆಗ ಅವರ ವಯಸ್ಸು 29. ತಿಂಗಳಿಗೆ 150 ರೂಪಾಯಿಗಿಂತ ಹೆಚ್ಚು ಪಡೆಯದೆ 20 ವರ್ಷ ದುಡಿಯುತ್ತೇವೆಂದು ಅವರೂ ಸಂಗಡಿಗರೂ ಮಾತು ಕೊಟ್ಟರು. 1948ರವರೆಗೂ ಅವರು ಅಲ್ಲೇ ಇದ್ದರು. ಸಂಬಳ ಕಡಿಮೆಯೆಂದು ಅವರಿಗೆ ಮೊದಲೇ ಗೊತ್ತಿತ್ತು, ಏಕೆ ಕಡಿಮೆ ಎಂಬುದೂ ಗೊತ್ತಿತ್ತು. ಮೋಸ ಹೋಗಿ ಕಡಿಮೆಗೆ ದುಡಿಯುವುದು ಬೇರೆ, ತಿಳಿದು ಒಪ್ಪಿಕೊಳ್ಳುವುದು ಬೇರೆ. ಸಮಾಜ ಸೇವೆ ಎಂಬ ಹೆಸರಿನಲ್ಲಿ ಬಿ.ಎಡ್. ಮಾಡಿದ ನಮ್ಮ ಹುಡುಗಿಯರಿಗೆ ಪುಡಿಗಾಸು ಕೊಡುವ ಆಡಳಿತ ಮಂಡಳಿಗಳು ಈ ವ್ಯತ್ಯಾಸವನ್ನು ಗಮನಿಸಬೇಕು. ಹುಡುಗಿಯರ ಮಾತು ಬಂದದ್ದರಿಂದ ಪಾಲಕರಿಗೆ ಒಂದು ವಿನಂತಿ: ಪತ್ರ ಅವಳ ಹೆಸರಿಗೆ ಬಂದಿದೆ, "ದೂರ, ಬೇಡ" ಎನ್ನುವ ಮೊದಲು ಅವಳನ್ನು ಕೇಳಿ.

"ಸರ್, ಇಸ್ತಿಖಾರಾ ಮಾಡಿದೆ, ಕನಸೇ ಬೀಳಲಿಲ್ಲ" ಎಂದು ಬರುವ ಹುಡುಗರಿದ್ದಾರೆ. ಹಜ್ರತ್ ಜಾಬಿರ್ (ರ) ಅವರಿಂದ ಬುಖಾರಿಯಲ್ಲಿ ಬಂದಿರುವ ಹದೀಸಿನಲ್ಲಿ ಕನಸಿನ ಮಾತೇ ಇಲ್ಲ. ಒಂದು ಕಾರ್ಯಕ್ಕೆ ಮನಸ್ಸು ಮಾಡಿದಾಗ ಎರಡು ರಕಅತ್ ನಫಿಲ್ ಓದಿ, ಒಳ್ಳೆಯದಾಗಿದ್ದರೆ ಸುಲಭಗೊಳಿಸು, ಕೆಟ್ಟದ್ದಾಗಿದ್ದರೆ ನನ್ನಿಂದ ದೂರ ಮಾಡು ಎಂದು ಬೇಡುವುದು ಅದರ ಸಾರ. ಮನಸ್ಸು ಮಾಡುವುದಕ್ಕೆ ವಿಚಾರಿಸಿರಬೇಕು, ತಿಳಿದವರೊಡನೆ ಮಶ್ವರಾ ಮಾಡಿರಬೇಕು. ಕರಾರು ಪತ್ರವನ್ನು ಓದದೆ ಮುಸಲ್ಲಾದ ಮೇಲೆ ಕೂರುವುದು ಇಸ್ತಿಖಾರಾವೇ?

ಕಾರ್ಯದರ್ಶಿಯವರೊಡನೆ ಮಾತಾಡಿದ್ದೇನೆ. ಪ್ರತಿ ಭಾನುವಾರ ಅಸರ್ ನಮಾಜಿನ ನಂತರ ಸಂಘದ ಕಚೇರಿಯಲ್ಲಿ ನಾವು ಇಬ್ಬರು ಮೂವರು ಶಿಕ್ಷಕರು ಕುಳಿತಿರುತ್ತೇವೆ. ಯಾರಿಗೇ ನೌಕರಿಯ ಪತ್ರ ಬರಲಿ, ಸಹಿ ಮಾಡುವ ಮೊದಲು ತನ್ನಿ. ಇಂಗ್ಲಿಷಿನಲ್ಲಿದ್ದರೆ ಸಾಲು ಸಾಲಾಗಿ ಕನ್ನಡದಲ್ಲೋ ಉರ್ದುವಿನಲ್ಲೋ ಹೇಳುತ್ತೇವೆ. ಜೆರಾಕ್ಸ್ ಪ್ರತಿ ಸಾಕು. ಮೂಲ ಅಂಕಪಟ್ಟಿ, ಪಾಸ್‌ಪೋರ್ಟನ್ನು ಯಾರ ಕೈಗೂ ಕೊಟ್ಟು ಬರಬೇಡಿ, ನಮ್ಮ ಕೈಗೂ ಬೇಡ.