ಯಾವ ಪ್ರಶ್ನೆಗೆ ಯಾವ ಕಾಗದ?



ಸರ್ಕಾರದ ಸವಲತ್ತು ಕೊಡುವ ಮುನ್ನ ಅರ್ಜಿದಾರ ಎಲ್ಲಿಯವನು ಎಂದು ವಿಚಾರಿಸುವ ಪದ್ಧತಿಯ ಬಗ್ಗೆ ಮಾತಾಡಲು ಹೈದರಾಬಾದಿನ ಅಬಿಡ್ಸ್‌ಗಿಂತ ತಕ್ಕ ಜಾಗ ಸಿಗಲಾರದು. ಆರನೇ ನಿಜಾಮ ಮಹಬೂಬ್ ಅಲಿ ಖಾನರ ಸೇವೆಯಲ್ಲಿದ್ದ, ಆರ್ಮೇನಿಯನ್ ಮೂಲದ ಆಲ್ಬರ್ಟ್ ಅಬಿಡ್ ಇಲ್ಲೊಂದು ಅಂಗಡಿ ಇಟ್ಟ. ಇಡೀ ಪೇಟೆಗೆ ಅವನ ಹೆಸರೇ ನಿಂತಿತು. ಅಂಥ ನಗರದಲ್ಲೇ 1919ರಲ್ಲಿ ಮುಲ್ಕಿ ನಿಯಮಗಳು ಜಾರಿಗೆ ಬಂದವು.

ನಿಯಮ ಹೀಗಿತ್ತು: ಸರ್ಕಾರಿ ನೌಕರಿ ಮುಲ್ಕಿಗಳಿಗೆ, ಅಂದರೆ ನಿಜಾಮರ ಸಂಸ್ಥಾನದವರಿಗೆ. ಹೊರಗಿನಿಂದ ಬಂದವನು ಮುಲ್ಕಿ ಎನಿಸಿಕೊಳ್ಳಬೇಕಾದರೆ 15 ವರ್ಷ ಇಲ್ಲೇ ಕಾಯಂ ವಾಸವಿರಬೇಕು. ಅದೂ ಸಾಲದು. ಬಿಟ್ಟು ಬಂದ ಊರಿಗೆ ಮರಳುವ ಯೋಚನೆಯನ್ನೇ ಕೈಬಿಟ್ಟಿದ್ದೇನೆ ಎಂದು ಮ್ಯಾಜಿಸ್ಟ್ರೇಟರ ಮುಂದೆ ಪ್ರಮಾಣ ಮಾಡಿ ಅಫಿಡವಿಟ್ ಕೊಡಬೇಕು. ಇದನ್ನು ಓದಿದಾಗಲೆಲ್ಲ ನನಗೆ ಸೋಜಿಗ. ವಾಸಕ್ಕೆ ಬಾಡಿಗೆ ಚೀಟಿ ಇದೆ, ನೆರೆಯವರ ಸಾಕ್ಷಿ ಇದೆ. ಊರಿನ ಹಂಬಲ ಹೋಗಿದೆ ಎಂಬುದಕ್ಕೆ ಸಾಕ್ಷಿ ಯಾರು? ಕಾಗದಕ್ಕೆ ಸಿಗದ್ದನ್ನು ಕಾಗದದಲ್ಲಿ ಕೇಳಿದರೆ ಸುಳ್ಳು ಕಾಗದ ಹುಟ್ಟುತ್ತದೆ. ನಕಲಿ ಮುಲ್ಕಿ ಸರ್ಟಿಫಿಕೇಟುಗಳ ಮೇಲಿನ ಸಿಟ್ಟು ಸೇರಿಕೊಂಡೇ 1952ರ ಸೆಪ್ಟೆಂಬರಿನಲ್ಲಿ ವಿದ್ಯಾರ್ಥಿಗಳು ಬೀದಿಗಿಳಿದರು. ಸಿಟಿ ಕಾಲೇಜಿನ ಬಳಿ ಗೋಲಿಬಾರಾಗಿ ಜೀವಗಳು ಹೋದವು.

ನಮ್ಮ ಕಥೆ ತಿರುಗುವುದು 1956ರ ನವೆಂಬರ್ 1ಕ್ಕೆ. ಕಲಬುರಗಿ, ರಾಯಚೂರು, ಬೀದರ್ ಸೀಮೆ ಮೈಸೂರು ರಾಜ್ಯಕ್ಕೆ ಸೇರಿತು. ನಿನ್ನೆಯವರೆಗೆ ಒಂದೇ ಸಂಸ್ಥಾನದವರಾಗಿದ್ದವರ ನಡುವೆ ಗಡಿ ಬಂತು. ಹೈದರಾಬಾದ್ ಸೇರಿದ ಆಂಧ್ರಪ್ರದೇಶದಲ್ಲಿ ಜಾರಿಯಾದ, ಸರ್ಕಾರಿ ನೌಕರಿಗೆ ವಾಸದ ಷರತ್ತು ಹಾಕುವ 1957ರ ಕಾಯ್ದೆಯ ನಿಯಮಗಳು ಕೇಳಿದ್ದು ತೆಲಂಗಾಣದಲ್ಲೇ 15 ವರ್ಷದ ವಾಸ. 1969ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ತಳ್ಳಿಹಾಕಿತು: ಸಂವಿಧಾನದ 16(3)ನೇ ವಿಧಿಯಂತೆ ಇಡೀ ರಾಜ್ಯದ ವಾಸವನ್ನು ಷರತ್ತಾಗಿಸಬಹುದೇ ಹೊರತು ರಾಜ್ಯದ ಒಂದು ತುಂಡಿನ ವಾಸವನ್ನಲ್ಲ. ಆಮೇಲೆ ಸಂವಿಧಾನಕ್ಕೇ ತಿದ್ದುಪಡಿ ತಂದು, ನೌಕರಿ ಮತ್ತು ಓದಿನಲ್ಲಿ ಸ್ಥಳೀಯರ ಪಾಲು ಕಾಯುವ 371(ಡಿ) ವಿಧಿ ಸೇರಿಸಿದರು. ಕಲಬುರಗಿ ಕಡೆಯ ನಮ್ಮ ಜಿಲ್ಲೆಗಳಿಗೆ ಅಂಥದ್ದೇ 371(ಜೆ) ಬರಲು 98ನೇ ತಿದ್ದುಪಡಿಯವರೆಗೆ, ಅಂದರೆ 2013ರವರೆಗೆ ಕಾಯಬೇಕಾಯಿತು.

ಈಗ ಕಾಚಿಗುಡದ ಒಂದು ಕನ್ನಡ ಮನೆ ಇದೆ ಎಂದುಕೊಳ್ಳಿ. ಅಜ್ಜ ಆಳಂದದವರು, ನಿಜಾಮರ ಕಾಲದಲ್ಲಿ ರೈಲ್ವೆ ನೌಕರಿಗೆ ಬಂದರು. ಮೊಮ್ಮಗಳು ಇಲ್ಲೇ ಹುಟ್ಟಿ, ಇಲ್ಲೇ ಓದಿದವಳು. ಇಲ್ಲಿ ಸ್ಥಳೀಯಳೋ ಅಲ್ಲವೋ ಎಂದು ನೋಡುವಾಗ ಅವಳ ಶಾಲೆಯ ವರ್ಷಗಳನ್ನು ಎಣಿಸುತ್ತಾರೆ. ಕಲಬುರಗಿಯಲ್ಲಿ 371(ಜೆ) ಅರ್ಹತಾ ಪತ್ರ ಕೇಳಿದರೆ ಹುಟ್ಟು ಅಥವಾ ನೆಲೆ ನೋಡುತ್ತಾರೆ. ಅಜ್ಜನ ಹಳೆಯ ಮುಲ್ಕಿ ಪತ್ರ ಪೆಟ್ಟಿಗೆಯಲ್ಲಿದ್ದರೂ ಅವಳು ಅಲ್ಲಿ ನೆಲೆಸಿದ್ದಾಳೆ ಎನ್ನಲು ಅದು ಸಾಕ್ಷಿಯಾಗದು. ಇದರಲ್ಲಿ ಅನ್ಯಾಯ ಇದೆ ಎಂದು ನಾನು ಹೇಳಲಾರೆ. ಎರಡು ಕಡೆಯ ಪ್ರಶ್ನೆಗಳೇ ಬೇರೆ. ಯಾವ ಪ್ರಶ್ನೆ ಕೇಳುತ್ತಿದ್ದಾರೆ ಎಂದು ಕೌಂಟರಿನಲ್ಲಿ ಅವಳಿಗೆ ಮೊದಲೇ ಯಾರೂ ತಿಳಿಸಿ ಹೇಳುವುದಿಲ್ಲ, ನನ್ನ ತಕರಾರು ಅಷ್ಟೇ.

ಪ್ರಶ್ನೆಗಳು ಕಲಸಿಹೋದರೆ ಏನಾಗುತ್ತದೆ ಎಂಬುದನ್ನು 2020ರ ಫೆಬ್ರವರಿಯಲ್ಲಿ ಈ ಊರೇ ಕಂಡಿತು. ಆಧಾರ್ ಪ್ರಾಧಿಕಾರದ ಹೈದರಾಬಾದ್ ಕಚೇರಿ 127 ಜನರಿಗೆ ನೋಟಿಸು ಕಳಿಸಿತು. ಕೆಲವರಿಗೆ ಪೌರತ್ವದ ದಾಖಲೆ ತನ್ನಿ ಎಂದಿತ್ತು. ಕಾಯ್ದೆಯ ಪ್ರಕಾರ ಆಧಾರ್‌ಗೆ ಬೇಕಾದದ್ದು ಅರ್ಜಿಗೆ ಹಿಂದಿನ 12 ತಿಂಗಳಲ್ಲಿ 182 ದಿನದ ವಾಸ ಮಾತ್ರ. ಗುಲ್ಲೆದ್ದ ಮೇಲೆ ಪ್ರಾಧಿಕಾರವೇ, ಆಧಾರ್ ಪೌರತ್ವದ ದಾಖಲೆ ಅಲ್ಲ ಎಂದು ಸ್ಪಷ್ಟನೆ ಕೊಟ್ಟಿತು. ಸುಳ್ಳು ದಾಖಲೆ ಕೊಟ್ಟವರನ್ನು ವಿಚಾರಿಸುವ ಅಧಿಕಾರ ಅದಕ್ಕೆ ಖಂಡಿತ ಇದೆ. ಆದರೆ ವಾಸ ನೋಡುವ ಕಚೇರಿ ಪೌರತ್ವ ಕೇಳಿದರೆ, ದುಡಿದು ತಿನ್ನುವವನು ಒಂದು ದಿನದ ಕೂಲಿ ಬಿಟ್ಟು ಯಾವ ಕಾಗದ ಹುಡುಕಬೇಕು?

ಹುಡುಕುವ ಹೊಣೆಯನ್ನು ಕಚೇರಿಯೇ ಹೊರುವ ಕಡೆಯೂ ಇದೆ. ಅಮೆರಿಕದಲ್ಲಿ 1986ರ ವಲಸೆ ಕಾಯ್ದೆಯಿಂದ ಬೆಳೆದ ‘ಸೇವ್’ ಎಂಬ ವ್ಯವಸ್ಥೆ ಇದೆ. ಅರ್ಜಿದಾರನ ವಲಸೆ ಸ್ಥಿತಿಯನ್ನು ಸವಲತ್ತು ಕೊಡುವ ಕಚೇರಿ ತಾನೇ ಕೇಂದ್ರದ ಕಡತದಲ್ಲಿ ನೋಡಿಸುತ್ತದೆ. ಕಂಪ್ಯೂಟರ್ ಮೊದಲ ಸಲಕ್ಕೆ ಉತ್ತರಿಸದಿದ್ದರೆ ಸಿಬ್ಬಂದಿ ಮತ್ತೆ ಕಡತ ತೆಗೆದು ನೋಡಬೇಕು. ಅಲ್ಲೂ ಹುಳುಕಿದೆ, ನಮ್ಮ ಕಡೆಯ ಸಾಫ್ಟ್‌ವೇರ್ ಹುಡುಗರು ಡ್ರೈವಿಂಗ್ ಲೈಸೆನ್ಸಿಗಾಗಿ ವಾರಗಟ್ಟಲೆ ಕಾದ ಕಥೆ ಹೇಳುತ್ತಾರೆ. ಆದರೂ ದಾಖಲೆ ತಾಳೆಯಾಗದಿದ್ದಾಗ ಓಡಾಡುವ ಕೆಲಸ ಮೊದಲು ಕಚೇರಿಯದು, ಅರ್ಜಿದಾರನದಲ್ಲ ಎಂಬ ಏರ್ಪಾಟು ನಾವು ನೋಡಿ ಕಲಿಯುವಂಥದ್ದು.

ಮಧ್ಯಾಹ್ನದ ಗೋಷ್ಠಿಗೆ ಒಂದು ಕೋರಿಕೆ. 371(ಜೆ) ಅರ್ಜಿ ನಮೂನೆಯನ್ನೂ ಆಧಾರ್ ನೋಂದಣಿ ನಮೂನೆಯನ್ನೂ ಮೇಜಿನ ಮೇಲಿಟ್ಟುಕೊಳ್ಳಿ. ಕಾಲಂ ಕಾಲಂ ಓದಿ, ಪ್ರತಿಯೊಂದರ ಪಕ್ಕ ಎರಡು ವಿಷಯ ಬರೆಯಿರಿ: ಇದನ್ನು ಕೇಳಲು ಯಾವ ಕಾಯ್ದೆಯ ಯಾವ ಕಲಂ ಅಧಿಕಾರ ಕೊಡುತ್ತದೆ, ಮತ್ತು ಉತ್ತರಕ್ಕೆ ದಾಖಲೆ ಸಿಗದಿದ್ದರೆ ಹುಡುಕಬೇಕಾದವರು ಯಾರು. ಖಾಲಿ ಉಳಿದ ಕಾಲಂಗಳ ಪಟ್ಟಿಯನ್ನು ಸಂಜೆಯ ಹೊತ್ತಿಗೆ ಕರ್ನಾಟಕದ ಕಂದಾಯ ಇಲಾಖೆಗೂ ಆಧಾರ್ ಪ್ರಾಧಿಕಾರಕ್ಕೂ ಕಳಿಸೋಣ.